ಒಳಮೆಟ್ಟಿಲು ತೆಗೆದು ಎರಡು ಮನೆ: ಮೈಸೂರಿನ ಡುಪ್ಲೆಕ್ಸ್ ಒಂದನ್ನು ಭಾಗ ಮಾಡಿ ಮಾರಿದ ಕೆಲಸದ ಟಿಪ್ಪಣಿ

ಕುವೆಂಪುನಗರದಲ್ಲಿ 40x60 ಸೈಟು, 1994ರಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆ 1,500 ಚದರಡಿ, ಮೇಲೆ 1,300. ಹಾಲ್‌ನಿಂದಲೇ ಮೇಲೆ ಹತ್ತುವ ಮೆಟ್ಟಿಲು. ಅಪ್ಪ ಅಮ್ಮ ಹೋದ ಮೇಲೆ ಮನೆ ಅಕ್ಕನಿಗೂ ನನಗೂ ಜಂಟಿಯಾಗಿ ಬಂತು. ಮಾರಲು ಹೊರಟಾಗ ಎರಡೇ ಬಗೆಯ ಜನ ಬಂದರು. ದುಡ್ಡಿದ್ದವರಿಗೆ ಸೈಟು ಬೇಕಿತ್ತು, ಮನೆ ಕೆಡವುತ್ತೇವೆ ಅಂದರು. ಮನೆ ಇಷ್ಟಪಟ್ಟವರಿಗೆ ಬೆಲೆ ಎಟುಕಲಿಲ್ಲ. ಗಟ್ಟಿಮುಟ್ಟಾದ ಮನೆ, ಕೆಡವಲು ಇಬ್ಬರಿಗೂ ಮನಸ್ಸಿರಲಿಲ್ಲ. ಕೆಳಗೊಂದು, ಮೇಲೊಂದು ಅಂತ ಎರಡು ಮನೆ ಮಾಡಿ ಬೇರೆ ಬೇರೆಯವರಿಗೆ ಮಾರೋಣ ಅಂತ ಅಕ್ಕನೇ ಮೊದಲು ಹೇಳಿದ್ದು.

ಶುರು ಮಾಡುವ ಮುಂಚೆ ನಾವು ಇಟ್ಟುಕೊಂಡ ನಿಯಮ ಒಂದೇ. ಒಂದು ಮನೆಯ ರಿಪೇರಿಗೆ ಇನ್ನೊಂದು ಮನೆಯ ಬಾಗಿಲು ತಟ್ಟುವಂತಿರಬಾರದು. ಬಾಡಿಗೆಗೆ ಕೊಡುವುದಾದರೆ ಇದು ಇಷ್ಟು ಮುಖ್ಯ ಅಲ್ಲ. ನಲ್ಲಿ ಸೋರಿದರೆ ಎರಡೂ ಮನೆಯವರು ಓನರ್‌ಗೆ ಫೋನ್ ಮಾಡುತ್ತಾರೆ. ಮಾರಿದ ಮೇಲೆ ಮಧ್ಯದಲ್ಲಿ ಯಾರೂ ಇರುವುದಿಲ್ಲ, ಅಲ್ವಾ? ಖರ್ಚು ಅಂದಾಜಿಗಿಂತ ಜಾಸ್ತಿ ಆಗಿದ್ದು ಬಹುಪಾಲು ಈ ನಿಯಮದಿಂದಲೇ. ಆದರೂ ಅದನ್ನು ಸಡಿಲಿಸಲಿಲ್ಲ.

ಹಂತ 1. 2025 ಜನವರಿಯಿಂದ ಮಾರ್ಚ್: ನಕ್ಷೆ, ಪರವಾನಗಿ

ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಂದರು. ಪ್ಲಾಸ್ಟರ್ ಅಲ್ಲಲ್ಲಿ ಕೆತ್ತಿ ಗೋಡೆ ನೋಡಿದರು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳ ಮೇಲೆಯೇ ಎಲ್ಲ ಭಾರ. ಕಂಬಗಳಿದ್ದದ್ದು ಪೋರ್ಟಿಕೋಗೆ ಮಾತ್ರ. ಹಾಗಾಗಿ ಯಾವ ಗೋಡೆಯನ್ನೂ ಪೂರ್ತಿ ತೆಗೆಯುವ ಹಾಗಿರಲಿಲ್ಲ. ಒಳಮೆಟ್ಟಿಲು ತೆಗೆಯುವುದು, ಹೊರಗೆ ಮೆಟ್ಟಿಲು ಕಟ್ಟುವುದು, ಮೇಲೆ ಅಡುಗೆಮನೆ ಮಾಡುವುದು, ಇಷ್ಟನ್ನೂ ತೋರಿಸಿ ಪರಿಷ್ಕೃತ ನಕ್ಷೆ ಮಾಡಿದರು. ಅವರ ಫೀಸು, ಡ್ರಾಯಿಂಗ್ ಸೇರಿ 65,000.

ನಕ್ಷೆ ಮಂಜೂರಾಗುವ ತನಕ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಇದಕ್ಕೆ ಗಟ್ಟಿ ಕಾರಣ ಇದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಸ್ವಾಧೀನಾನುಭವ ಪತ್ರ (ಮಂಜೂರಾದ ನಕ್ಷೆಯಂತೆಯೇ ಕಟ್ಟಿದೆ, ವಾಸಿಸಬಹುದು ಅನ್ನುವ ಪತ್ರ) ಇಲ್ಲದ ಕಟ್ಟಡಕ್ಕೆ ಹೊಸ ಕರೆಂಟ್, ನೀರಿನ ಸಂಪರ್ಕ ಸಿಗುವುದು ಕಷ್ಟ ಆಗಿತ್ತು. ಮಹಡಿಗೆ ನಮಗೆ ಹೊಸ ಮೀಟರ್ ಬೇಕೇ ಬೇಕಿತ್ತು. ನಕ್ಷೆಯಲ್ಲಿ ಇರುವುದೊಂದು, ಕಟ್ಟಿದ್ದು ಇನ್ನೊಂದು ಆದರೆ ಆ ಪತ್ರ ಸಿಗಲ್ಲ. ಪತ್ರ ಇಲ್ಲದಿದ್ದರೆ ಮೀಟರ್ ಇಲ್ಲ. ಮೀಟರ್ ಇಲ್ಲದ ಮನೆಯನ್ನು ಯಾರು ಕೊಳ್ಳುತ್ತಾರೆ?

ಮನೆ ಕಟ್ಟಿ ಮಾರುವ ಯೋಜನೆಗಳಿಗೆ ಇರುವ ರೇರಾ ಕಾಯ್ದೆಯ ನೋಂದಣಿ ಬೇಕಾಗುತ್ತದಾ ಅಂತ ಅಕ್ಕ ಕೇಳಿದ್ದಳು. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ ಎಂಟು ದಾಟದಿದ್ದರೆ ಬೇಡ. ನಮ್ಮದು 223 ಚದರ ಮೀಟರ್, ಎರಡೇ ಮನೆ.

ಹಂತ 2. ಮಾರ್ಚ್: ಯಾವ ಪೈಪು ಎಲ್ಲಿಗೆ, ಯಾವ ವೈರು ಎಲ್ಲಿಂದ

ಪರವಾನಗಿಗೆ ಕಾಯುವ ದಿನಗಳಲ್ಲಿ ಮಾಡಿದ ಕೆಲಸ ಇದು. ಖರ್ಚು ಏನೂ ಇಲ್ಲ, ಆದರೆ ಇಡೀ ಕೆಲಸದಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಕಲಸಿ, ಒಂದೊಂದೇ ಬಚ್ಚಲಿಗೆ, ಸಿಂಕಿಗೆ ಸುರಿದೆ. ಹೊರಗೆ ಚೇಂಬರ್ ಮುಚ್ಚಳ ತೆಗೆದು ಅಕ್ಕನ ಮಗ ನೋಡುತ್ತಿದ್ದ. ಎಲ್ಲವನ್ನೂ ಹಳೇ ನಕ್ಷೆಯ ಮೇಲೆ ಗುರುತು ಮಾಡಿದೆವು. ಕರೆಂಟಿಗೂ ಹಾಗೆಯೇ. ಫ್ಯೂಸು ಒಂದೊಂದೇ ತೆಗೆದು, ಯಾವ ಪಾಯಿಂಟು ಸತ್ತಿದೆ ಅಂತ ಟೆಸ್ಟರ್ ಹಿಡಿದು ಎರಡೂ ಮಹಡಿ ಸುತ್ತಿದೆವು.

ಗೊತ್ತಾದದ್ದು ಹೀಗೆ. ಮೇಲಿನ ಎರಡೂ ಬಾತ್‌ರೂಮ್‌ಗಳ ಪೈಪು ಸ್ಲ್ಯಾಬ್ ತೂರಿ ಕೆಳಮನೆಯ ಬಾತ್‌ರೂಮ್ ಸೀಲಿಂಗಿನಲ್ಲಿ ನೇತಾಡುತ್ತಿದ್ದವು. ಮೇಲಿನ ಒಂದು ಗೀಸರ್ ಕೆಳಗಿನ ಬೋರ್ಡಿನಿಂದ ಬರುತ್ತಿತ್ತು. ಸಂಪು ಒಂದೇ, ಮೋಟಾರ್ ಒಂದೇ, ಟ್ಯಾಂಕ್ ಒಂದೇ. ಟೆರೇಸ್‌ಗೆ ಹೋಗಲು ಮಹಡಿಯ ಹಿಂದಿನ ಯುಟಿಲಿಟಿಯಿಂದ ಕಬ್ಬಿಣದ ಏಣಿ ಮಾತ್ರ ಇತ್ತು. ಅಂದರೆ ಕೆಳಮನೆಯವರು ತಮ್ಮ ಟ್ಯಾಂಕ್ ನೋಡಬೇಕಾದರೆ ಮೇಲಿನವರ ಅಡುಗೆಮನೆ ದಾಟಬೇಕು.

ಹಂತ 3. ಏಪ್ರಿಲ್: ಮೆಟ್ಟಿಲು ಒಡೆದು ಸ್ಲ್ಯಾಬ್ ಮುಚ್ಚಿದ್ದು

ಮೆಟ್ಟಿಲಿನ ಬಾವಿ ಆರೂವರೆ ಅಡಿ ಅಗಲ, ಹನ್ನೊಂದು ಅಡಿ ಉದ್ದ. ಮೂರು ಕಡೆ ಗೋಡೆ, ಒಂದು ಕಡೆ ಮಹಡಿಯ ಲೌಂಜ್‌ನ ಸ್ಲ್ಯಾಬ್ ಅಂಚು.

ಮೊದಲ ದಿನವೇ ತೊಂದರೆ ಆಯಿತು. ಬ್ರೇಕರ್ ಮಷೀನ್ ಹಚ್ಚಿದ ಸ್ವಲ್ಪ ಹೊತ್ತಿಗೆ ಪಕ್ಕದ ದೇವರಮನೆಯ ಗೋಡೆಯಲ್ಲಿ ಪ್ಲಾಸ್ಟರ್ ಬಿರುಕು ಬಿಟ್ಟಿತು. ಮೇಸ್ತ್ರಿ ತಕ್ಷಣ ನಿಲ್ಲಿಸಿದರು. "ಸಾರ್, ಇದು ಇಟ್ಟಿಗೆ ಗೋಡೆ ಮನೆ. ಮಷೀನ್ ಅದುರು ತಡಿಯಲ್ಲ. ಕಟ್ಟರ್‌ನಲ್ಲಿ ಕೊಯ್ದು ಕೈಯಲ್ಲೇ ಇಳಿಸೋಣ" ಅಂದರು. ಹಾಗೆಯೇ ಮಾಡಿದೆವು. ಕೆಳಗೆಲ್ಲ ಜಾಕಿ (ಆಸರೆಯ ಕಬ್ಬಿಣದ ಊರುಗೋಲು) ಕೊಟ್ಟು, ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ ಕೆಳಕ್ಕೆ ಬಂದರು. ನಿಧಾನ ಆಯಿತು. ಆದರೆ ಬೇರೆ ಎಲ್ಲೂ ಬಿರುಕು ಬರಲಿಲ್ಲ. ದೇವರಮನೆಯದು ಪ್ಲಾಸ್ಟರ್‌ವರೆಗೆ ಮಾತ್ರ ಅಂತ ಎಂಜಿನಿಯರ್ ಕೆತ್ತಿ ನೋಡಿ ಹೇಳಿದರು.

ಹೊಸ ಸ್ಲ್ಯಾಬ್ ಐದು ಇಂಚು ದಪ್ಪ. ಆರೂವರೆ ಅಡಿಯ ಕಡೆಗೆ 10 ಎಂಎಂ ಕಂಬಿ, ಆರು ಇಂಚಿಗೊಂದು. ಅಡ್ಡಕ್ಕೆ 8 ಎಂಎಂ, ಎಂಟು ಇಂಚಿಗೊಂದು. ಇದು ಗೋಡೆಯ ಮೇಲೆ ಹೇಗೆ ಕೂರಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಸ್ಲ್ಯಾಬಿನ ಅಂಚು ಕೂರಿಸಲು ಗೋಡೆ ಉದ್ದಕ್ಕೂ ಗಾಡಿ (ಉದ್ದನೆಯ ಸೀಳು) ಹೊಡೆಯಲು ಹುಡುಗರು ಸಿದ್ಧವಾಗಿದ್ದರು. ಎಂಜಿನಿಯರ್ ಬೇಡ ಅಂದರು. ಆ ಗೋಡೆ ಮೇಲಿನ ಛಾವಣಿ ಹೊತ್ತಿದೆ, ಅರ್ಧ ದಪ್ಪವನ್ನು ಉದ್ದಕ್ಕೂ ಕೊರೆದರೆ ಅಪಾಯ. ಎರಡಡಿ ಕೊರೆದು ಎರಡಡಿ ಬಿಟ್ಟು, ನಾಲ್ಕೂವರೆ ಇಂಚು ಆಳದ ಗೂಡು ಮಾಡಿಸಿದರು. ಗೂಡುಗಳ ನಡುವೆ ಭಾರ ಹೋಗಲಿ ಅಂತ ಗೋಡೆ ಪಕ್ಕದಲ್ಲಿ ಉದ್ದಕ್ಕೂ 12 ಎಂಎಂ ಕಂಬಿ ಜೋಡಿ ಕಟ್ಟಿಸಿದರು. ಲೌಂಜ್ ಕಡೆ, ಕೆಳಗೆ ಜಾಕಿ ಕೊಟ್ಟು, ಹಳೇ ಸ್ಲ್ಯಾಬಿನ ಅಂಚನ್ನು ಹದಿನಾರು ಇಂಚು ಒಡೆದು ಕಂಬಿ ಬಿಡಿಸಿದೆವು. ಹೊಸ 8 ಎಂಎಂ ಕಂಬಿಯನ್ನು ಹಳೆಯದಕ್ಕೆ ಪಕ್ಕದಲ್ಲಿಟ್ಟು ಕಟ್ಟಲು ಅಷ್ಟು ಉದ್ದ ಬೇಕು. ಕಂಬಿಯ ದಪ್ಪದ ಐವತ್ತು ಪಟ್ಟು ಅಂತ ಲೆಕ್ಕ.

ಕಾಂಕ್ರೀಟು ಒಂದು–ಒಂದೂವರೆ–ಮೂರು, ಅಂದರೆ ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ. ಏಳು ಮೂಟೆ ಸಿಮೆಂಟ್, ಸುಮಾರು 55 ಕೆಜಿ ಕಂಬಿ. ಹಳೇ ಅಂಚಿಗೆ ಬಾಂಡಿಂಗ್ ಕೋಟು ಹಚ್ಚಿ ಅದು ಒಣಗುವ ಮುಂಚೆ ಕಾಂಕ್ರೀಟು ಸುರಿದರು. ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಜಾಕಿಗಳನ್ನು 14 ದಿನ ಬಿಟ್ಟೆವು. ಒಡೆದ ಕೂಲಿ, ಡೆಬ್ರಿಸ್ ಸಾಗಿಸಿದ್ದು, ಸೆಂಟ್ರಿಂಗ್ ಎಲ್ಲ ಸೇರಿ 62,000. ಹೊಸದಕ್ಕೂ ಹಳೆಯದಕ್ಕೂ ಸೇರುವ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಕೆಳಗಿನಿಂದ ಕಾಣುತ್ತದೆ. ಅದು ಬಂದೇ ಬರುತ್ತದೆ ಅಂತ ಮೊದಲೇ ಹೇಳಿದ್ದರು. ಫೈಬರ್ ಜಾಲರಿ ಹಾಕಿ ಪ್ಲಾಸ್ಟರ್ ಮಾಡಿಸಿದೆವು, ಕೊಂಡವರಿಗೂ ತೋರಿಸಿದೆವು.

ಹಂತ 4. ಮೇ: ಹೊರಮೆಟ್ಟಿಲು

ಪಕ್ಕದ ಖಾಲಿ ಜಾಗದಲ್ಲಿ ಮೆಟ್ಟಿಲು ಹಾಕಿದರೆ ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗ) ಹೋಗುತ್ತದೆ. ಹಾಗಾಗಿ ಎರಡು ಕಾರು ನಿಲ್ಲುವ ಪೋರ್ಟಿಕೋದ ಒಂದು ಬದಿಯನ್ನು ಮೆಟ್ಟಿಲಿಗೆ ಕೊಟ್ಟೆವು. ಅದರ ಮೇಲಿನ ಬಾಲ್ಕನಿಯ ಸ್ಲ್ಯಾಬ್ ಕೊಯ್ದು, ಕೊಯ್ದ ಅಂಚಿಗೆ ಹೊಸ ಬೀಮು, ಅದಕ್ಕೆ ಎರಡು ಹೊಸ ಕಂಬ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು. ಏಳು ಇಂಚಿನ 18 ಏರು, ಒಂಬತ್ತು ಹತ್ತಿ ತಿರುಗಿ ಮತ್ತೆ ಒಂಬತ್ತು. ಹೆಜ್ಜೆ ಇಡುವ ಜಾಗ ಹತ್ತೂವರೆ ಇಂಚು. ಅಗಲ ಮೂರಡಿ ನಾಲ್ಕಿಂಚು, ಅಂದರೆ ಒಂದು ಮೀಟರ್. ಇದಕ್ಕಿಂತ ಕಿರಿದು ಮಾಡಿದರೆ ಮಂಚ, ಬೀರು ಮೇಲಕ್ಕೆ ಹೋಗಲ್ಲ. ಮೂರು ಲಕ್ಷದ ಹತ್ತು ಸಾವಿರ ಆಯಿತು. ಮೇ ಮಳೆಯಲ್ಲಿ ಪಾಯದ ಗುಂಡಿ ತುಂಬಿ ಕೆಲಸ ನಿಂತದ್ದು ಬಿಟ್ಟರೆ ಇಲ್ಲಿ ತೊಡಕೇನೂ ಬರಲಿಲ್ಲ.

ಒಂದು ಕಾರಿನ ಜಾಗ ಹೋಯಿತಲ್ಲ, ಉಳಿದ ಪೋರ್ಟಿಕೋ ಕೆಳಮನೆಗೆ. ಪಶ್ಚಿಮದ ಒಂಬತ್ತು ಅಡಿ ಅಗಲದ ತೆರೆದ ಜಾಗ ಮೇಲಿನವರ ಕಾರಿಗೆ. ಇದನ್ನು ಆಗಲೇ ನಕ್ಷೆಯ ಮೇಲೆ ಬಣ್ಣ ಹಾಕಿ ಇಟ್ಟುಕೊಂಡೆವು.

ಹಂತ 5. ಜೂನ್: ಮೇಲಿನ ಬಾತ್‌ರೂಮ್‌ಗಳು

ನಿಯಮ ಬಿಗಿಯಾಗಿ ಕಾಡಿದ್ದು ಇಲ್ಲಿ. ನೇತಾಡುವ ಪೈಪುಗಳನ್ನು ಹಾಗೆಯೇ ಬಿಟ್ಟು ಫಾಲ್ಸ್ ಸೀಲಿಂಗ್ ಹಾಕಿ ಅಂತ ಹೇಳಿದವರೇ ಜಾಸ್ತಿ. ಹಾಗೆ ಮಾಡಿದರೆ ಮೇಲಿನವರ ಕಮೋಡ್ ಜಾಯಿಂಟ್ ಸೋರಿದ ದಿನ ಕೆಳಮನೆಯ ಬಾತ್‌ರೂಮಿನಲ್ಲಿ ಏಣಿ ಹಾಕಬೇಕು. ಕೆಳಗಿನವರು ಊರಲ್ಲಿಲ್ಲದಿದ್ದರೆ? ಸುಮ್ನೆ ಮುಚ್ಚಿಟ್ಟು ಮಾರಲು ಇಬ್ಬರಿಗೂ ಒಪ್ಪಿಗೆ ಆಗಲಿಲ್ಲ.

ಮೇಲಿನ ಬಾತ್‌ರೂಮ್ ನೆಲ ಆರು ಇಂಚು ಎತ್ತರಿಸಿದೆವು. ಕಮೋಡ್ ಬದಲಿಸಿ, ಹಿಂದಿನ ಗೋಡೆಯಿಂದ ನೇರ ಹೊರಗೆ ಹೋಗುವ ಪಿ-ಟ್ರ್ಯಾಪ್ ಬಗೆಯದು ಹಾಕಿದೆವು. ನೆಲದ ನೀರು ಹೋಗುವ ನಾನಿ ಟ್ರ್ಯಾಪ್ ಕೂಡ ಅಡ್ಡಕ್ಕೆ ಗೋಡೆ ತೂರಿ ಹೊರಗೆ. ಹೊರಗೋಡೆಯಲ್ಲಿ ಕಮೋಡಿಗೆ 110 ಎಂಎಂ ಪೈಪು, ಬಚ್ಚಲಿಗೆ 75 ಎಂಎಂ. ಸ್ಲ್ಯಾಬಿನ ಹಳೇ ತೂತುಗಳನ್ನು ಕೆಳಗಿನಿಂದ ಹಲಗೆ ಕೊಟ್ಟು ಗ್ರೌಟ್ ತುಂಬಿ ಮುಚ್ಚಿದರು. ಎತ್ತರಿಸಲು ಇಟ್ಟಿಗೆ ಚೂರು ತುಂಬಿದರೆ ಭಾರ ಅಂತ ಹಗುರ ಎಎಸಿ ಬ್ಲಾಕ್ ಚೂರು ತುಂಬಿಸಿದೆವು.

ಟೈಲ್ಸ್ ಹಾಕುವ ಮುಂಚೆ ನೀರು ನಿಲ್ಲಿಸಿ 48 ಗಂಟೆ ಬಿಟ್ಟೆವು. ಮರುದಿನ ಬೆಳಗ್ಗೆಯೇ ಒಂದು ಬಾತ್‌ರೂಮಿನ ಹೊರಗೋಡೆಯಲ್ಲಿ ಪೈಪಿನ ಸುತ್ತ ತೇವ. ಪೈಪಿಗೂ ಗೋಡೆಗೂ ನಡುವಿನ ಸಂದನ್ನು ಬರೀ ಸಿಮೆಂಟ್ ಗಾರೆಯಲ್ಲಿ ಮುಚ್ಚಿದ್ದರು. ನುಣುಪಾದ ಪಿವಿಸಿಗೆ ಗಾರೆ ಕಚ್ಚುವುದಿಲ್ಲ, ಒಣಗಿದಾಗ ಬಿಟ್ಟುಕೊಳ್ಳುತ್ತದೆ. ಕಿತ್ತು, ಪೈಪಿನ ಮೈ ಉಪ್ಪುಕಾಗದದಲ್ಲಿ ಉಜ್ಜಿ, ಕುಗ್ಗದ ಗ್ರೌಟ್ ತುಂಬಿ, ವಾಟರ್‌ಪ್ರೂಫಿಂಗ್ ಕೋಟನ್ನು ಗೋಡೆಯ ಮೇಲೆ ಒಂದಡಿ ಎತ್ತರದ ತನಕ ಎಳೆಸಿದೆವು. ಮತ್ತೆ 48 ಗಂಟೆ ನೀರು. ಒಣಗಿತ್ತು. ಆಮೇಲೆಯೇ ಟೈಲ್ಸ್. ಎರಡು ಬಾತ್‌ರೂಮ್, ಹೊರಗಿನ ಪೈಪ್ ಸೇರಿ ಎರಡು ಲಕ್ಷದ ಎಂಬತ್ತೈದು ಸಾವಿರ.

ಬಾಗಿಲಲ್ಲಿ ಆರು ಇಂಚಿನ ಮೆಟ್ಟಿಲು ಬಂತು. ವಯಸ್ಸಾದವರಿಗೆ ಇದು ತೊಂದರೆ, ಒಪ್ಪುತ್ತೇನೆ. ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ಸ್ಲ್ಯಾಬ್ ಒಡೆದು ಇಳಿಸುವುದೊಂದೇ ಬೇರೆ ದಾರಿ, ಅದಕ್ಕೆ ಎಂಜಿನಿಯರ್ ಒಪ್ಪಲಿಲ್ಲ.

ಮೇಲಿನ ಅಡುಗೆಮನೆಯನ್ನು ಕೆಳಗಿನ ಅಡುಗೆಮನೆಯ ನೇರ ಮೇಲೆಯೇ ಮಾಡಿದೆವು. ಸಿಂಕಿನ ಪೈಪು ಹೊರಗೋಡೆಯಲ್ಲೇ ಇಳಿಯಿತು. ಗ್ರಾನೈಟ್ ಕಟ್ಟೆ, ಟೈಲ್ಸ್, ನಲ್ಲಿ ಸೇರಿ 1.60 ಲಕ್ಷ.

ಹಂತ 6. ಜುಲೈ: ಕರೆಂಟು

ಹಳೇ ಫ್ಯೂಸ್ ಬೋರ್ಡ್ ತೆಗೆದು ಎರಡು ಮನೆಗೂ ಬೇರೆ ಡಿಬಿ (ಕರೆಂಟು ಹಂಚುವ ಬೋರ್ಡ್), ಬೇರೆ ಅರ್ಥಿಂಗ್ ಗುಂಡಿ, ಬೇರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್). ಮೇಲಿನ ಗೀಸರಿಗೆ ಹೊಸ ಲೈನು. ಎಲ್ಲ ಮುಗಿದು ಆನ್ ಮಾಡಿದರೆ ಮೇಲಿನ ಆರ್‌ಸಿಸಿಬಿ ನಿಲ್ಲಲಿಲ್ಲ. ಲೌಂಜ್‌ನ ದೀಪ ಹಾಕಿದ ಕೂಡಲೇ ಟಪ್ ಅಂತ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಮೊದಲು ಆರ್‌ಸಿಸಿಬಿಯೇ ಕೆಟ್ಟಿದೆ ಅಂತ ಬದಲಿಸಿದರು. ಹೊಸದೂ ಬಿತ್ತು. ವೈರು ಎಲ್ಲೋ ತೇವ ಆಗಿದೆ ಅಂತ ಮೆಗ್ಗರ್ (ವೈರಿನ ಹೊದಿಕೆ ಪರೀಕ್ಷಿಸುವ ಉಪಕರಣ) ಹಚ್ಚಿದರು. ವೈರು ಚೆನ್ನಾಗಿತ್ತು.

ಕೊನೆಗೆ ಸಿಕ್ಕಿದ್ದು ಒಡೆದ ಮೆಟ್ಟಿಲಿನ ಗೋಡೆಯಲ್ಲಿ. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇತ್ತು. ಅದರ ಜಂಕ್ಷನ್ ಬಾಕ್ಸ್ ಪ್ಲಾಸ್ಟರ್ ಹಿಂದೆ ಮುಚ್ಚಿಹೋಗಿತ್ತು. ಲೌಂಜ್‌ನ ದೀಪಕ್ಕೆ ಫೇಸ್ ಮೇಲಿನಿಂದ, ನ್ಯೂಟ್ರಲ್ ಮಾತ್ರ ಆ ಬಾಕ್ಸ್ ಮೂಲಕ ಕೆಳಗಿನ ಬೋರ್ಡಿಗೆ ಹೋಗುತ್ತಿತ್ತು. ಹೋದ ಕರೆಂಟು ತನ್ನ ಮೂಲಕವೇ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಅದನ್ನು ಸೋರಿಕೆ ಅಂತಲೇ ಲೆಕ್ಕ ಹಾಕುತ್ತದೆ. ಹಳೇ ಫ್ಯೂಸಿನಲ್ಲಿ ಇದು ಮೂವತ್ತು ವರ್ಷ ಗೊತ್ತೇ ಆಗಿರಲಿಲ್ಲ. ಬಾಕ್ಸ್ ತೆಗೆದು ಮೇಲಿನಿಂದ ಹೊಸ ನ್ಯೂಟ್ರಲ್ ಎಳೆದ ಮೇಲೆ ನಿಂತಿತು. ಡುಪ್ಲೆಕ್ಸ್ ಭಾಗ ಮಾಡುವವರು ಮೆಟ್ಟಿಲಿನ ದೀಪದ ವೈರನ್ನು ಮೆಟ್ಟಿಲು ಒಡೆಯುವ ದಿನವೇ ಬಿಡಿಸಿ ನೋಡಿ. ಪ್ಲಾಸ್ಟರ್ ಆದ ಮೇಲೆ ಹುಡುಕುವುದು ಬಹಳ ಕಷ್ಟ. ಎಲ್ಲ ಸೇರಿ 1.75 ಲಕ್ಷ.

ಹಂತ 7. ಜುಲೈ, ಆಗಸ್ಟ್: ನೀರು

ನಮ್ಮ ಬೀದಿಗೆ ನೀರು ದಿನವೂ ಬರುವುದಿಲ್ಲ. ಸಂಪು ಇಲ್ಲದೆ ಆಗಲ್ಲ. ಹಳೇ ಸಂಪು 8x6x6 ಅಡಿ, ಎಂಟು ಸಾವಿರ ಲೀಟರ್. ಮಧ್ಯೆ ಒಂದು ಗೋಡೆ ಕಟ್ಟಿದರೆ ಎರಡಾಗುತ್ತದೆ ಅಂತ ಮೇಸ್ತ್ರಿ ಆರು ಇಂಚಿನ ಸಾಲಿಡ್ ಬ್ಲಾಕಿನಲ್ಲಿ ಕಟ್ಟಿ ವಾಟರ್‌ಪ್ರೂಫ್ ಪ್ಲಾಸ್ಟರ್ ಮಾಡಿದರು. ಒಂದು ಬದಿ ಮಾತ್ರ ತುಂಬಿಸಿ ನೋಡಿದೆವು. ಬೆಳಗಾಗುವಷ್ಟರಲ್ಲಿ ಖಾಲಿ ಬದಿಯಲ್ಲೂ ನೀರು, ಗೋಡೆಯ ಬುಡದಲ್ಲಿ ಅಡ್ಡ ಬಿರುಕು. ಆರಡಿ ನೀರು ಒಂದೇ ಕಡೆಯಿಂದ ತಳ್ಳಿದರೆ ಕಂಬಿ ಇಲ್ಲದ ಬ್ಲಾಕ್ ಗೋಡೆ ನಿಲ್ಲುವುದಿಲ್ಲ ಅಂತ ಎಂಜಿನಿಯರ್ ಹೇಳಿದರು. 18,000 ಹೋಯಿತು. ಗೋಡೆ ತೆಗೆದು, ಹಳೇ ಸಂಪು ಪೂರ್ತಿ ಕೆಳಮನೆಗೇ ಬಿಟ್ಟು, ಪಶ್ಚಿಮದ ಜಾಗದಲ್ಲಿ ಮಹಡಿಗೆ 6x5x5 ಅಡಿಯ ಕಾಂಕ್ರೀಟ್ ಸಂಪು ಹೊಸದಾಗಿ ಮಾಡಿಸಿದೆವು. ಸುಮಾರು 4,200 ಲೀಟರ್. ಮೇಲೆ ಕಾರು ನಿಲ್ಲುವುದರಿಂದ ಮುಚ್ಚುವ ಸ್ಲ್ಯಾಬ್ ಅದಕ್ಕೆ ತಕ್ಕ ದಪ್ಪ. 74,000.

ಟ್ಯಾಂಕಿನದು ಇನ್ನೊಂದು ಕಥೆ. ಕೆಳಮನೆಯವರು ಟೆರೇಸ್‌ಗೆ ಹೋಗುವ ಗೊಡವೆಯೇ ಬೇಡ ಅಂತ ಅವರ ಟ್ಯಾಂಕನ್ನು ಪೋರ್ಟಿಕೋ ಮೇಲೆ ಮೂರಡಿ ಸ್ಟ್ಯಾಂಡ್ ಇಟ್ಟು ಕೂರಿಸಿದೆವು. ಕೆಳಗಿನ ನಲ್ಲಿಗಳಲ್ಲಿ ನೀರು ಬಂತು, ಆದರೆ ಶವರ್‌ನಲ್ಲಿ ಬರೀ ತೊಟ್ಟಿಕ್ಕುತ್ತಿತ್ತು. ಎತ್ತರ ಸಾಲದು. ಪ್ರೆಷರ್ ಪಂಪ್ ಹಾಕಿದರೆ ಕರೆಂಟ್ ಹೋದಾಗ ಏನೂ ಇಲ್ಲ. ಕೊನೆಗೆ ಟ್ಯಾಂಕ್ ಮತ್ತೆ ಟೆರೇಸ್‌ಗೇ ಹೋಯಿತು. ಹೊರಮೆಟ್ಟಿಲು ಮುಗಿಯುವ ಲ್ಯಾಂಡಿಂಗ್‌ನಿಂದ ಟೆರೇಸ್‌ಗೆ ಎರಡೂವರೆ ಅಡಿ ಅಗಲದ ಕಬ್ಬಿಣದ ಮೆಟ್ಟಿಲು ಮಾಡಿಸಿದೆವು, 78,000. ಲ್ಯಾಂಡಿಂಗ್ ಮತ್ತು ಮೇಲಿನವರ ಬಾಲ್ಕನಿ ನಡುವೆ ಗ್ರಿಲ್ ಬಂತು. ಹಿಂದಿನ ಏಣಿ ಕೊಯ್ದು ತೆಗೆಸಿದೆವು. ಈಗ ಕೆಳಗಿನವರು ಯಾರನ್ನೂ ಕೇಳದೆ ತಮ್ಮ ಟ್ಯಾಂಕ್ ತೊಳೆಯಬಹುದು.

ಬಣ್ಣ, ಮೇಲಿನ ಮನೆಗೆ ಮುಂಬಾಗಿಲು, ಅಲ್ಲಲ್ಲಿ ಪ್ಲಾಸ್ಟರ್ ತೇಪೆ: 2.20 ಲಕ್ಷ.

ಹಂತ 8. ಸೆಪ್ಟೆಂಬರ್‌ನಿಂದ: ಕಾಗದ

ಸೈಟು ಒಂದೇ, ಅದನ್ನು ಗೆರೆ ಹಾಕಿ ಕೊಯ್ಯಲು ಆಗಲ್ಲ. ಹಾಗಾಗಿ ಮನೆಯ ಜೊತೆ ಜಾಗದಲ್ಲಿ ಅವಿಭಾಜ್ಯ ಪಾಲು (ಗೆರೆ ಹಾಕದೆ ಇಡೀ ಸೈಟಿನಲ್ಲಿ ಇರುವ ಪಾಲು) ಬರೆಯಬೇಕು. ಕಟ್ಟಡದ ಅಳತೆಯ ಪ್ರಮಾಣದಲ್ಲಿ 2,400 ಚದರಡಿಯನ್ನು ಹಂಚಿದೆವು: ಕೆಳಮನೆಗೆ 1,286, ಮಹಡಿಗೆ 1,114.

ವಕೀಲರ ಜೊತೆ ಕೂತು ಹೆಚ್ಚು ಹೊತ್ತು ಮಾತಾಡಿದ್ದು ಟೆರೇಸ್ ಬಗ್ಗೆ. ಮೇಲಿನವರಿಗೆ ಕೊಟ್ಟರೆ ಅವರು ನಾಳೆ ಇನ್ನೊಂದು ಮಹಡಿ ಕಟ್ಟಲು ಹೊರಟಾರು, ಭಾರ ಬೀಳುವುದು ಕೆಳಗಿನವರ ಗೋಡೆಯ ಮೇಲೆ. ಬರೆದದ್ದು ಹೀಗೆ: ಟೆರೇಸ್ ಇಬ್ಬರಿಗೂ ಸೇರಿದ್ದು. ಟ್ಯಾಂಕ್, ಸೋಲಾರ್, ಬಟ್ಟೆ ಒಣಗಿಸಲು ಇಬ್ಬರೂ ಬಳಸಬಹುದು. ಇಬ್ಬರ ಸಹಿ ಇಲ್ಲದೆ ಮೇಲೆ ಏನನ್ನೂ ಕಟ್ಟುವಂತಿಲ್ಲ. ಟೆರೇಸ್ ಸೋರಿದರೆ ಖರ್ಚು ಪಾಲಿನ ಪ್ರಮಾಣದಲ್ಲಿ. ಗೇಟು, ಹೊರಮೆಟ್ಟಿಲು, ಒಳಚರಂಡಿಯ ಕೊನೇ ಚೇಂಬರ್ ಸಮಾನ ಬಳಕೆಗೆ. ಕಾರಿನ ಜಾಗ ಬಣ್ಣ ಹಾಕಿದ ನಕ್ಷೆಯೊಂದಿಗೆ ಎರಡೂ ಕ್ರಯಪತ್ರಕ್ಕೆ ಲಗತ್ತು. ಎರಡೂ ಪತ್ರಗಳಲ್ಲಿ ಈ ಭಾಗ ಅಕ್ಷರ ಬಿಡದೆ ಒಂದೇ ಥರ ಇರಬೇಕು. ಮೊದಲ ಮನೆ ಮಾರುವ ಮುಂಚೆಯೇ ಎರಡನೆಯದರ ಕರಡೂ ಸಿದ್ಧ ಇಟ್ಟುಕೊಂಡೆವು.

ಸ್ವಾಧೀನಾನುಭವ ಪತ್ರ ಅಕ್ಟೋಬರ್‌ನಲ್ಲಿ ಬಂತು. ಅದನ್ನು ಲಗತ್ತಿಸಿ ಕರೆಂಟ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿದ ಮೇಲೆ ಮಹಡಿಗೆ ಬೇರೆ ಆರ್‌ಆರ್ ನಂಬರ್ ಸಿಕ್ಕಿತು. ಹಳೇ ಮೀಟರ್ ಕೆಳಮನೆಗೇ ಉಳಿಯಿತು. ಮಹಡಿವಾರು ಇ-ಖಾತೆ ಆದ ನಂತರ ನವೆಂಬರ್‌ನಲ್ಲಿ ಕೆಳಮನೆ ನೋಂದಣಿ ಆಯಿತು.

ಇಲ್ಲಿ ಕೊಂಡವರಿಗೆ ಒಂದು ಹೊರೆ ಬಿತ್ತು. ಜುಲೈನಲ್ಲಿ ಕರಾರು ಮಾಡಿಕೊಂಡಾಗ ನೋಂದಣಿ ಶುಲ್ಕ ಶೇ 1 ಇತ್ತು. ಆಗಸ್ಟ್ 31ರಿಂದ ರಾಜ್ಯದಲ್ಲಿ ಅದು ಶೇ 2 ಆಯಿತು. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6 ಇದ್ದೇ ಇದೆ. ಒಟ್ಟು ಶೇ 7.6. ಕೋಟಿ ದಾಟಿದ ಬೆಲೆಗೆ ಆ ಒಂದು ಪರ್ಸೆಂಟ್ ಲಕ್ಷಕ್ಕೂ ಜಾಸ್ತಿ. ತಡ ಆದದ್ದು ನಮ್ಮ ಕಡೆಯ ಕೆಲಸದಿಂದ, ಹಾಗಾಗಿ ಅರ್ಧ ನಾವು ಬೆಲೆಯಲ್ಲಿ ಇಳಿಸಿದೆವು. 50 ಲಕ್ಷ ದಾಟಿದ್ದರಿಂದ ಅವರು ನಮಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಿದರು. ನಾವು ಇಬ್ಬರು ಮಾರುವವರು, ಆದ್ದರಿಂದ ಅಕ್ಕನ ಪಾಲಿಗೆ ಅಕ್ಕನ ಪ್ಯಾನ್, ನನ್ನ ಪಾಲಿಗೆ ನನ್ನದು ಅಂತ ಎರಡು ಫಾರಂ ತುಂಬಬೇಕಾಯಿತು.

ನಕ್ಷೆ ಶುಲ್ಕ, ಖಾತೆ, ವಕೀಲರು ಸೇರಿ 1.30 ಲಕ್ಷ.

ಲೆಕ್ಕ

ಮೇಲೆ ಬರೆದದ್ದೆಲ್ಲ ಕೂಡಿದರೆ 15.77 ಲಕ್ಷ. ಶುರುವಿನ ಅಂದಾಜು 11 ಲಕ್ಷ. ಬಾತ್‌ರೂಮ್ ಪೈಪ್ ಹೊರಗೆ ತಂದದ್ದು, ಎರಡನೇ ಸಂಪು, ಟೆರೇಸ್ ಮೆಟ್ಟಿಲು, ಈ ಮೂರೇ 4.37 ಲಕ್ಷ. ಅಂದಾಜಿನಲ್ಲಿ ಇವು ಇರಲೇ ಇಲ್ಲ. ಇವನ್ನು ಬಿಟ್ಟೂ ಮಾರಬಹುದಿತ್ತು. ಕೊಳ್ಳಲು ಬಂದವರಲ್ಲಿ ಸಂಪಿನ ಬಗ್ಗೆ ಯಾರೂ ಕೇಳಲಿಲ್ಲ, ಟೈಲ್ಸ್ ಬಣ್ಣ ಎಲ್ಲರೂ ಕೇಳಿದರು. ಆದರೂ ಇದೇ ಕೆಲಸ ಇನ್ನೊಮ್ಮೆ ಬಂದರೆ ಟೈಲ್ಸ್‌ನಲ್ಲಿ ಕಡಿಮೆ ಮಾಡಿ ಈ ಮೂರನ್ನು ಮೊದಲು ಮಾಡಿಸುತ್ತೇನೆ.

ಉಳಿದದ್ದು

ಮಹಡಿಗೆ ಕರಾರು ಆಗಿದೆ, ನೋಂದಣಿ ಆಗಿಲ್ಲ. ಕೊಳ್ಳುವವರ ಬ್ಯಾಂಕಿನ ವಕೀಲರು ಕೆಳಮನೆಯ ನೋಂದಾಯಿತ ಕ್ರಯಪತ್ರದ ಪ್ರತಿ ಕೇಳಿದ್ದಾರೆ, ಟೆರೇಸ್ ಮತ್ತು ಕಾರಿನ ಜಾಗದ ಮಾತು ಎರಡರಲ್ಲೂ ಒಂದೇ ಇದೆಯಾ ಅಂತ ಹೋಲಿಸಲು. ಕೊಟ್ಟಿದ್ದೇವೆ. ಪಶ್ಚಿಮದ ಗೋಡೆಗೆ ಹೊರಗಿನ ಬಣ್ಣ ಬಾಕಿ ಇದೆ. ಕಬ್ಬಿಣದ ಮೆಟ್ಟಿಲಿನ ಮೇಲಿನ ತುದಿಯಲ್ಲಿ ಮಳೆನೀರು ನಿಲ್ಲುತ್ತಿದೆ, ಅಲ್ಲಿ ತೂತು ಹೊಡೆದು ಮತ್ತೊಂದು ಕೋಟು ರೆಡ್ ಆಕ್ಸೈಡ್ ಹಚ್ಚಬೇಕು. ಮೇಸ್ತ್ರಿ ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ.